ಮೆಮೊರಿಯಲ್ಲೇ ಕಟ್ಟಿದ ಸೀರೆ ಗೋದಾಮು

ಇಟಿಕ್ಯಾಲದ ಆ ತಾಯಿ ಮಗಳ ಮದುವೆಗೆಂದು ಬುಕ್ ಮಾಡಿಟ್ಟ ಸೀರೆ ಒಯ್ಯಲು ಗದ್ವಾಲ್‌ನ ಅಂಗಡಿಗೆ ಬಂದಾಗ, ಆ ಸೀರೆ ಮಕ್ತಲ್‌ನ ವ್ಯಾಪಾರಿಯೊಬ್ಬರ ಗಂಟು ಸೇರಿ ಆಗಲೇ ಊರು ದಾಟಿತ್ತು. ತಾಯಿಯ ಜೊತೆ ಬೀಗರ ಕಡೆಯ ಹೆಂಗಸರೂ ಇದ್ದರು. ಅವರೆಲ್ಲರ ಎದುರಿಗೆ ಅಂಗಡಿಯ ಯಜಮಾನಿ ‘ಸೀರೆ ಇಲ್ಲ’ ಎನ್ನಬೇಕಾಯಿತು. ಅವರನ್ನು ಹೇಗೋ ಸಮಾಧಾನ ಮಾಡಿ ಕಳಿಸಿದ ಮೇಲೆ ಯಜಮಾನಿ ಫೋನ್ ಮಾಡಿದ್ದು ನಾರಾಯಣಪೇಟೆಯಲ್ಲಿದ್ದ ನನಗೆ.

“ಒಂದು ಸೀರಿ ಇಬ್ಬರಿಗೆ ಹೆಂಗ ಕೊಡ್ತೈತ್ರಿ ನಿಮ್ಮ ಕಂಪ್ಯೂಟರ್? ನಾ ಏನು ಕಣ್ಣು ಮುಚ್ಚಿ ಒತ್ತೀನೇನು? ಬುಕ್ ಆತು ಅಂತ ಹಸಿರು ಬಂದಿತ್ತು, ನನ್ನ ಕಣ್ಣಿಲೆ ನೋಡೀನಿ. ಇನ್ನ ಆ ಮಂದಿ ಮುಂದ ನನ್ನ ಮಾತಿಗೆ ಏನು ಕಿಮ್ಮತ್ತು ಉಳೀತು?”

“ನೋಡ್ತೀನ್ರೀ ಅಕ್ಕಾರ” ಎಂದೆ. ಅವರು ಫೋನ್ ಇಟ್ಟುಬಿಟ್ಟರು.

ನಮ್ಮದು ಮೂರು ಊರಿನ ಕೆಲಸ. ನೇಕಾರರ ಸಂಘದ ಗೋದಾಮು ಇರುವುದು ನಾರಾಯಣಪೇಟೆಯಲ್ಲಿ. ಮಾರಾಟ ಮಾತ್ರ ಇಲ್ಲಿಯ ಕೌಂಟರ್, ಮಕ್ತಲ್‌ನ ಸಗಟು ಮಳಿಗೆ, ಗದ್ವಾಲ್‌ನ ಅಂಗಡಿ, ಹೀಗೆ ಮೂರು ಕಡೆ. ಗಿರಾಕಿಗಳು ಫೋಟೊ ನೋಡಿ ಸೀರೆ ಆರಿಸುತ್ತಾರೆ, ಬುಕ್ ಆದ ಸೀರೆ ಗೋದಾಮಿನಿಂದ ಆ ಊರಿಗೆ ಹೋಗುತ್ತದೆ. ಕೈಮಗ್ಗದ ಸೀರೆ ಒಂದರ ಹಾಗೆ ಇನ್ನೊಂದಿರುವುದಿಲ್ಲ. ಆ ಬಣ್ಣ, ಆ ಅಂಚು ಹೋದರೆ ಹೋದದ್ದೇ. ಮೂರು ಊರಿನಲ್ಲೂ ಬೇರೆ ಬೇರೆ ಪ್ರೋಗ್ರಾಂಗಳಿವೆ. ಆದರೆ ಸೀರೆ ಸೇರಿಸುವ, ಬುಕ್ ಮಾಡುವ, ಬುಕಿಂಗ್ ಬಿಡಿಸುವ ಕೆಲಸವನ್ನೆಲ್ಲ ಮಾಡುವುದು ಆ ಮೂರೂ ಪ್ರೋಗ್ರಾಂಗಳು ಹಂಚಿಕೊಂಡಿರುವ ಒಂದೇ ಕೋಡಿನ ಕಟ್ಟು. ನಮ್ಮ ಕಸುಬಿನಲ್ಲಿ ಅದಕ್ಕೆ ಲೈಬ್ರರಿ ಎನ್ನುತ್ತೇವೆ. ಅದನ್ನು ಬರೆದದ್ದು ನಾನು ಮತ್ತು ಮಕ್ತಲ್‌ನಲ್ಲಿರುವ ನನ್ನ ಸಹೋದ್ಯೋಗಿ, ಇಬ್ಬರೇ. ತಪ್ಪು ಇದ್ದರೆ ಅದರೊಳಗೇ ಇರಬೇಕು.

ಮರುದಿನ ಸಂಘದ ಅಧ್ಯಕ್ಷರು ಕರೆಸಿದರು. ಅವರೂ ಮಗ್ಗದ ಮನೆಯವರೇ. ಜೋರು ಮಾಡಿ ಮಾತಾಡಿದವರಲ್ಲ.

“ನೋಡವ್ವಾ, ಗದ್ವಾಲದ ಅಕ್ಕಾರು ಕೈಬಿಟ್ರಂದ್ರ ನಮ್ಮ ಅರ್ಧ ವ್ಯಾಪಾರ ಹೋದಂಗ. ಲಗ್ನದ ಸೀಜನ್ ಬರಾಕ ಹತ್ತೈತಿ. ಮುಂದಿನ ಮೀಟಿಂಗ್ ಅವರ ಅಂಗಡಿಯಾಗೇ ಇಟ್ಟೀನಿ. ಅಷ್ಟರಾಗ ಸರಿ ಮಾಡಿ, ಅವರ ಕಣ್ಣ ಮುಂದ ತೋರಿಸು. ಆಗಲಿಲ್ಲಂದ್ರ ಇದೆಲ್ಲ ಬಂದ್ ಮಾಡಿ ಮೊದಲಿನಂಗ ಫೋನ್ ಮ್ಯಾಲೇ ನಡಸೋಣು.”

ಬಂದ್ ಎಂಬ ಮಾತು ಎದೆಗೆ ನಾಟಿತು. ಫೋನಿನ ಮೇಲೆ ನಡೆಯುತ್ತಿದ್ದ ಕಾಲದಲ್ಲಿ ಒಳ್ಳೆಯ ಸೀರೆಗಳು ಗೋದಾಮಿನ ಕಪಾಟಿನಲ್ಲಿ ಮಡಿಕೆ ಕೂಡಿ ಮಾಸುತ್ತಿದ್ದವು. ಗದ್ವಾಲ್‌ನವರಿಗೆ ಅವು ಇವೆ ಎಂಬುದೇ ತಿಳಿಯುತ್ತಿರಲಿಲ್ಲ. ಅದನ್ನು ಬದಲಿಸಿದ್ದೇವೆ ಎಂಬ ಹೆಮ್ಮೆ ನಮಗಿತ್ತು.

ಲೈಬ್ರರಿಗೆ ನಾವು ಬರೆದ ಟೆಸ್ಟುಗಳಿದ್ದವು. ಬುಕ್ ಮಾಡು ಎಂದರೆ ಬುಕ್ ಆಗುತ್ತದೆಯೇ, ಬಿಡಿಸು ಎಂದರೆ ಬಿಡುತ್ತದೆಯೇ ಎಂದು ತಾವೇ ಓಡಿ ಪರೀಕ್ಷಿಸುವ ಸಣ್ಣ ಪ್ರೋಗ್ರಾಂಗಳು; ಪಾಸಾದರೆ ಹಸಿರು, ಫೇಲಾದರೆ ಕೆಂಪು. ಆದರೆ ಅವು ಓಡಬೇಕಾದರೆ ಹೈದರಾಬಾದಿನಲ್ಲಿ ನಾವು ಬಾಡಿಗೆಗೆ ಪಡೆದ ಸರ್ವರಿನ ಡೇಟಾಬೇಸ್ ಬೇಕು. ಅಸಲಿ ಸೀರೆಗಳದ್ದಲ್ಲ, ಪರೀಕ್ಷೆಗೆಂದೇ ಇಟ್ಟ ಇನ್ನೊಂದು. ಆ ಒಂದನ್ನೇ ನಾವಿಬ್ಬರೂ ಬಳಸುತ್ತಿದ್ದೆವು. ನಾನು ಬುಕಿಂಗಿನ ಟೆಸ್ಟುಗಳನ್ನು ಓಡಿಸುತ್ತ ಕೂತಿದ್ದಾಗ ಇದ್ದಕ್ಕಿದ್ದಂತೆ ಎಲ್ಲವೂ ಕೆಂಪಾದವು. ಸೀರೆಯೇ ಇಲ್ಲ ಎಂದವು. ಅಂತೂ ತಪ್ಪು ಸಿಕ್ಕಿತು ಎಂದು ಸಹೋದ್ಯೋಗಿಗೆ ಫೋನ್ ಮಾಡಿದೆ.

“ಅಕ್ಕಾ, ನಿನ್ನ ಸೀರಿ ಅಳಿಸಿದ್ದು ನಾನೇ” ಎಂದ. “ಇಲ್ಲಿ ನಾ ಟೆಸ್ಟ್ ಶುರು ಮಾಡಿದೆ. ಶುರುವಾಗೋ ಮುಂಚೆ ಎಲ್ಲಾ ಖಾಲಿ ಮಾಡ್ತೈತಲ್ಲ ಅದು.”

ಸರದಿ ಹಾಕಿಕೊಂಡೆವು. ಅವನು ಬೆಳಿಗ್ಗೆ, ನಾನು ಮಧ್ಯಾಹ್ನ. ಅಷ್ಟರಲ್ಲಿ ರಸ್ತೆ ಅಗೆಯುವವರು ಇಂಟರ್ನೆಟ್ಟಿನ ಕೇಬಲ್ ತುಂಡು ಮಾಡಿದರು. ಮೊಬೈಲಿನ ನೆಟ್ ಹಿಡಿದು ಓಡಿಸಿದರೆ ಟೆಸ್ಟುಗಳು ತೆವಳುತ್ತಿದ್ದವು. ಅರ್ಧಕ್ಕೆ ನಿಂತದ್ದು ನಮ್ಮ ಕೋಡಿನ ತಪ್ಪಿನಿಂದಲೋ ನೆಟ್ಟಿನ ತಪ್ಪಿನಿಂದಲೋ ಹೇಳುವಂತಿರಲಿಲ್ಲ. ಇಷ್ಟು ಮಬ್ಬಿನಲ್ಲಿ ಕೋಡ್ ತಿದ್ದುವುದೆಂದರೆ ಕತ್ತಲಲ್ಲಿ ಕಡಿದ ಎಳೆ ಹುಡುಕಿದಂತೆ.

ಆಗ ನಾನು ಮೆಮೊರಿಯಲ್ಲೇ ಇರುವ ಡೇಟಾಬೇಸಿನ ಮಾತೆತ್ತಿದೆ. ಸರ್ವರ್ ಬೇಡ, ನೆಟ್ ಬೇಡ, ಡಿಸ್ಕಿನ ಮೇಲೆ ಫೈಲೂ ಬೇಡ. ಟೆಸ್ಟ್ ಶುರುವಾದಾಗ ನಮ್ಮದೇ ಲ್ಯಾಪ್‌ಟಾಪಿನ ಮೆಮೊರಿಯಲ್ಲಿ ಒಂದು ಖಾಲಿ ಡೇಟಾಬೇಸ್ ಹುಟ್ಟುತ್ತದೆ. ಅದರಲ್ಲಿ ಟೇಬಲ್‌ಗಳನ್ನು, ಅಂದರೆ ಸೀರೆ, ಬುಕಿಂಗುಗಳ ಪಟ್ಟಿಗಳನ್ನು ಕಟ್ಟಿ, ಸೀರೆಗಳನ್ನು ತುಂಬಿ ಪರೀಕ್ಷೆ ನಡೆಸಬಹುದು. ಮುಗಿದೊಡನೆ ಅದು ಇಲ್ಲವಾಗುತ್ತದೆ. ಅವನದು ಅವನಿಗೆ, ನನ್ನದು ನನಗೆ.

ಅವನು ಒಮ್ಮೆಲೇ ಒಪ್ಪಲಿಲ್ಲ. “ಅಸಲಿ ಡೇಟಾಬೇಸ್ ಒಂದು ಜಾತಿದು, ಇದು ಇನ್ನೊಂದು ಜಾತಿದು. ಇದರಾಗ ಪಾಸ್ ಆದದ್ದು ಅದರಾಗೂ ಪಾಸ್ ಆಗ್ತೈತಿ ಅಂತ ಏನು ಖಾತ್ರಿ?”

ಸರಿಯಾದ ಪ್ರಶ್ನೆ. ನಾನು ಅದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. “ಮೊದಲು ಓಡಲಿ ತಡಿ” ಎಂದೆ.

ಓಡಲಿಲ್ಲ. ಟೇಬಲ್‌ಗಳನ್ನು ಕಟ್ಟುವ ಕೋಡ್ ತಕರಾರಿಲ್ಲದೆ ಮುಗಿಯಿತು. ಮರುಕ್ಷಣವೇ ಮೊದಲ ಟೆಸ್ಟ್ ‘ಸೀರೆ ಎಂಬ ಟೇಬಲ್ ಇಲ್ಲ’ ಎಂದು ನಿಂತಿತು. ಈಗಷ್ಟೇ ಕಟ್ಟಿದ್ದು ಎಲ್ಲಿ ಹೋಯಿತು? ಮತ್ತೆ ಕಟ್ಟಿದೆ, ಮತ್ತೆ ಇಲ್ಲ. ಒಂದೊಂದೇ ಸಾಲು ನಡೆಸಿ ನೋಡಿದ ಮೇಲೆ ತಿಳಿಯಿತು. ನಮ್ಮ ಲೈಬ್ರರಿ ಪ್ರತಿ ಕೆಲಸಕ್ಕೂ ಡೇಟಾಬೇಸಿಗೆ ಹೊಸ ಕನೆಕ್ಷನ್ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚುತ್ತಿತ್ತು. ಸರ್ವರಿನಲ್ಲಿ ಅದರಿಂದ ಏನೂ ಆಗುವುದಿಲ್ಲ, ಡೇಟಾಬೇಸ್ ಅಲ್ಲೇ ಇರುತ್ತದೆ. ಮೆಮೊರಿಯಲ್ಲಿ ಹಾಗಲ್ಲ, ಒಂದೊಂದು ಕನೆಕ್ಷನ್ನಿಗೂ ಒಂದೊಂದು ಖಾಲಿ ಡೇಟಾಬೇಸ್ ಹುಟ್ಟುತ್ತದೆ, ಕನೆಕ್ಷನ್ ಮುಚ್ಚಿದರೆ ಅದೂ ಮಾಯ. ನಾನು ಒಂದು ಕಡೆ ಟೇಬಲ್ ಕಟ್ಟಿ ಇನ್ನೊಂದು ಕಡೆ ಹುಡುಕುತ್ತಿದ್ದೆ.

ಲೈಬ್ರರಿಯನ್ನು ತಿದ್ದಿದೆ. ಕನೆಕ್ಷನ್ನನ್ನು ತಾನೇ ತೆರೆಯುವ ಬದಲು, ಬಳಸುವವರು ಕೊಟ್ಟದ್ದನ್ನು ಅದು ಇಸಿದುಕೊಳ್ಳುವಂತೆ ಮಾಡಿದೆ. ಟೆಸ್ಟುಗಳಿಗೆಲ್ಲ ಒಂದೇ ಕನೆಕ್ಷನ್ ತೆರೆದು ಕೊನೆಯವರೆಗೆ ಮುಚ್ಚದೆ ಇಟ್ಟೆ. ಪ್ರತಿ ಟೆಸ್ಟನ್ನೂ ಒಂದು ಟ್ರಾನ್ಸಾಕ್ಷನ್ನಿನೊಳಗೆ, ಅಂದರೆ ಇಡಿಯಾಗಿ ರದ್ದು ಮಾಡಬಹುದಾದ ಒಂದು ಕಟ್ಟಿನೊಳಗೆ ಓಡಿಸಿ, ಮುಗಿದ ಮೇಲೆ ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುವಂತೆ ಹೇಳಿದೆ. ಮುಂದಿನ ಟೆಸ್ಟಿಗೆ ಮತ್ತೆ ಚೊಕ್ಕ ನೆಲ. ಓಡಿಸಿದೆ. ಕೆಳಗಿನ ಮನೆಯಲ್ಲಿ ಮಗ್ಗ ಬಡಿಯುವ ಸದ್ದು ಎರಡು ಮೂರು ಸಲ ಕೇಳುವಷ್ಟರಲ್ಲಿ ಎಲ್ಲ ಟೆಸ್ಟುಗಳೂ ಮುಗಿದು ಪೂರ್ತಿ ಹಸಿರಾದವು. ಕಣ್ಣು ನಂಬಲಿಲ್ಲ. ಮತ್ತೆ ಮತ್ತೆ ಓಡಿಸಿದೆ, ಬರೀ ಆ ವೇಗದ ರುಚಿಗಾಗಿ.

ಆ ಹುರುಪಿನಲ್ಲೇ ಹೊಸ ಸೀರೆ ಸೇರಿಸುವ ಕೋಡನ್ನೂ ಅಷ್ಟಿಷ್ಟು ಅಚ್ಚುಕಟ್ಟು ಮಾಡಿದೆ. ಟೆಸ್ಟುಗಳು ಹಸಿರು. ಸಹೋದ್ಯೋಗಿ ಅದನ್ನು ಮಕ್ತಲ್‌ನ ಮಳಿಗೆಗೆ ಹಾಕಿದ. ಮರುದಿನ ಅಲ್ಲಿಗೆ ಸೀರೆಗಳ ಹೊಸ ಗಂಟು ಬಂತು. ಗುಂಡುಮಾಲ್ ಕಡೆಯ ಮಗ್ಗಗಳದ್ದು, ಗೋದಾಮಿಗೆ ಹೋಗುವ ಮುಂಚೆ ಅಲ್ಲೇ ದಾಖಲಾಗಬೇಕಿತ್ತು. ಒಂದು ಸೀರೆಯೂ ಒಳಗೆ ಹೋಗಲಿಲ್ಲ. ಮಳಿಗೆಯವರು ಒತ್ತಿದ್ದೇ ಒತ್ತಿದ್ದು, ಪರದೆಯ ಮೇಲೆ ಬಂದದ್ದು ಬರೀ ದೋಷದ ಸಂದೇಶ. ಸಹೋದ್ಯೋಗಿ ಹಳೆಯ ಲೈಬ್ರರಿಯನ್ನು ಮತ್ತೆ ಹಾಕುವವರೆಗೆ ಗಂಟು ಬಿಚ್ಚಿದಂತೆಯೇ ಬಿದ್ದಿತ್ತು.

“ನಾ ಅಂದಿದ್ನೋ ಇಲ್ಲೋ?” ಎಂದ ಅವನು. ಸಿಟ್ಟು ಇರಲಿಲ್ಲ, ದಣಿವಿತ್ತು. “ಹಸಿರು ಬಂತಂತ ನಂಬಿ ಹಾಕಿದೆ. ಮಳಿಗಿಯವ್ರು ನನ್ನ ಮುಖ ನೋಡಾಕ ಹತ್ಯಾರ.”

ಕಾರಣ ಹುಡುಕಿದಾಗ ನನಗೇ ನಾಚಿಕೆಯಾಯಿತು. ನೇಯ್ದವರ ಹೆಸರಿಲ್ಲದೆ ಸೀರೆ ಸೇರಿಸಬಾರದು ಎಂಬ ಕಟ್ಟುಪಾಡು ಸರ್ವರಿನ ಡೇಟಾಬೇಸಿನಲ್ಲಿತ್ತು. ನಾನು ಅಚ್ಚುಕಟ್ಟು ಮಾಡುವಾಗ ನೇಕಾರರನ್ನು ದಾಖಲಿಸುವ ಸಾಲು ಸೀರೆಯ ಸಾಲಿನ ಕೆಳಕ್ಕೆ ಸರಿದುಹೋಗಿತ್ತು. ಸರ್ವರ್ ಅದನ್ನು ತಡೆಯಿತು. ನನ್ನ ಮೆಮೊರಿಯ ಡೇಟಾಬೇಸ್ ತಡೆಯಲಿಲ್ಲ. ಆ ಜಾತಿಯ ಡೇಟಾಬೇಸಿನಲ್ಲಿ ಅಂಥ ತಪಾಸಣೆಯನ್ನು ನಾವೇ ಕೇಳಿ ಚಾಲೂ ಮಾಡಬೇಕು, ಅದೂ ಪ್ರತಿ ಕನೆಕ್ಷನ್ನಿಗೂ. ಸಾಲದ್ದಕ್ಕೆ ಟೇಬಲ್‌ಗಳ ವಿವರವನ್ನು ನಾನು ಕೈಯಿಂದ ಬೇರೆ ಬರೆದುಕೊಂಡಿದ್ದೆ. ಸರ್ವರಿನದಕ್ಕೂ ನನ್ನದಕ್ಕೂ ಅಲ್ಲಲ್ಲಿ ತಾಳೆ ಇರಲಿಲ್ಲ. ಇಷ್ಟು ವೇಗವಾಗಿ ಹಸಿರಾದದ್ದು ಒಂದು ಸುಳ್ಳು ಗೋದಾಮಿನಲ್ಲಿ.

ಕೈಯಿಂದ ಬರೆದದ್ದನ್ನು ಅಳಿಸಿ ಹಾಕಿದೆ. ಸರ್ವರಿನ ಟೇಬಲ್‌ಗಳನ್ನು ಕಟ್ಟಿದ ಅಸಲಿ ಸ್ಕ್ರಿಪ್ಟುಗಳಿದ್ದವಲ್ಲ, ಮೆಮೊರಿಯಲ್ಲೂ ಅವೇ ಓಡಬೇಕು ಎಂದು ನಿರ್ಧರಿಸಿದೆ. ಸುಲಭವಾಗಿರಲಿಲ್ಲ. ಸರ್ವರಿಗೆ ಮಾತ್ರ ಅರ್ಥವಾಗುವ ಮಾತುಗಳು ಅವುಗಳಲ್ಲಿ ಅಲ್ಲಲ್ಲಿ ಇದ್ದವು. ತಾರೀಖು ಇಡುವ ಬಗೆ, ಸೀರೆಯ ಸಂಖ್ಯೆ ತಾನೇ ಏರುವ ಬಗೆ. ಎರಡಕ್ಕೂ ತಿಳಿಯುವ ಮಾತಿನಲ್ಲಿ ಅವನ್ನು ಒಂದೊಂದಾಗಿ ತಿರುಗಿ ಬರೆದೆ. ತಪಾಸಣೆ ಚಾಲೂ ಮಾಡಿದೆ. ನೇಕಾರರ ಸಾಲು ಕೆಳಗಿದ್ದ ಅದೇ ಕೋಡನ್ನು ಬೇಕೆಂದೇ ಮತ್ತೆ ಓಡಿಸಿದೆ. ಈ ಸಲ ಮೆಮೊರಿಯ ಡೇಟಾಬೇಸೂ ಅದನ್ನು ತಡೆದು ಕೆಂಪು ತೋರಿಸಿತು. ಹಸಿರಿಗಿಂತ ಆ ಕೆಂಪು ನನಗೆ ಹೆಚ್ಚು ಧೈರ್ಯ ಕೊಟ್ಟಿತು.

ಇಷ್ಟೆಲ್ಲ ಆದರೂ ಇಟಿಕ್ಯಾಲದ ತಾಯಿಯ ಸೀರೆ ಹಾಗೇ ಉಳಿದಿತ್ತು. ಒಂದೇ ಸೀರೆ ಎರಡು ಸಲ ಬುಕ್ ಆಗುವುದನ್ನು ಟೆಸ್ಟಿನಲ್ಲಿ ಹಿಡಿಯಲು ಆಗುತ್ತಲೇ ಇರಲಿಲ್ಲ. ಎರಡನೆಯ ಬುಕಿಂಗನ್ನು ಲೈಬ್ರರಿ ಪ್ರತಿ ಸಲವೂ ನಿರಾಕರಿಸುತ್ತಿತ್ತು. ಸಾಲುಸಾಲಾಗಿ ನೂರಾರು ಬುಕಿಂಗುಗಳನ್ನು ನುಗ್ಗಿಸಿದೆ. ಎಲ್ಲವೂ ಸರಿ. ಮೀಟಿಂಗ್ ಹತ್ತಿರ ಬಂದಿತ್ತು. ತಪ್ಪನ್ನು ಒಮ್ಮೆ ಕಣ್ಣಾರೆ ಕಾಣದೆ, ಸರಿ ಮಾಡಿದ್ದೇನೆ ಎಂದು ಆ ಅಕ್ಕನ ಮುಂದೆ ಹೇಗೆ ಹೇಳಲಿ?

ಬಸ್ ಹತ್ತಿ ಮಕ್ತಲ್‌ಗೆ ಹೋದೆ. ಸಹೋದ್ಯೋಗಿಯ ಮನೆಯ ಮುಂದಿನ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಸರ್ವರಿನ ಪರೀಕ್ಷಾ ಡೇಟಾಬೇಸಿನಲ್ಲಿ ಒಂದೇ ಸೀರೆಯನ್ನು ತೆರೆದು, ಒಟ್ಟಿಗೆ ಒತ್ತಿ ನೋಡೋಣ ಎಂದು. “ಒಕಟಿ, ರೆಂಡು, ಮೂಡು” ಎಂದು ಅವನು ತೆಲುಗಿನಲ್ಲಿ ಎಣಿಸುವುದು, ಇಬ್ಬರೂ ಒತ್ತುವುದು. ಪ್ರತಿ ಸಲ ಒಬ್ಬರಿಗೆ ಸೀರೆ, ಇನ್ನೊಬ್ಬರಿಗೆ ಇಲ್ಲ. ಅವನ ತಾಯಿ ಮಂಡಾಳ ಒಗ್ಗರಣೆ, ನಮ್ಮ ಕಡೆಯ ಮಂಡಕ್ಕಿ ತಿಂಡಿ, ತಂದಿಟ್ಟು, “ಏನು ಆಟಾ ಆಡಾಕ ಹತ್ತೀರಿ ನೀವಿಬ್ರು?” ಎಂದು ನಕ್ಕು ಹೋದರು.

ತಿನ್ನುತ್ತ ಅವನು ಹೇಳಿದ: “ಅಕ್ಕಾ, ಲೈಬ್ರರಿ ಮೊದಲು ಸೀರಿ ಖಾಲಿ ಐತೇನು, ಯಾರಿಗೂ ಬುಕ್ ಆಗಿಲ್ಲೇನು ಅಂತ ಕೇಳ್ತೈತಿ. ಐತಿ ಅಂದ್ರ ಆಮ್ಯಾಲ ಬರೀತೈತಿ. ಈ ಕೇಳೋದು, ಬರೆಯೋದು, ಇದರ ನಡುವ ಸಂದಿ ಐತಲ್ಲ, ಅದರಾಗ ಇನ್ನೊಬ್ಬ ತೂರಬೇಕು. ಸಂದಿ ಭಾಳ ಸಣ್ಣದು. ನಮ್ಮ ಕೈಲೆ ಸಿಗಂಗಿಲ್ಲ.”

“ಮತ್ತ ಅಸಲಿ ಅಂಗಡಿಯಾಗ ಹೆಂಗ ಸಿಕ್ತು?”

“ಆವತ್ತು ನೆಟ್ ಸ್ಲೋ ಇರಬೇಕು. ಸಂದಿ ಅಗಲ ಆಗಿರ್ತೈತಿ. ನಸೀಬು.”

ನಾನು ತುತ್ತು ಕೈಯಲ್ಲಿಟ್ಟುಕೊಂಡೇ ಕೂತೆ. ಇಷ್ಟು ದಿನ ನಾನು ಆ ನಸೀಬಿಗಾಗಿ ಕಾಯುತ್ತಿದ್ದೆ, ನೂರು ಸಲ ಒತ್ತಿದರೆ ಒಂದು ಸಲ ಸಿಕ್ಕೀತು ಎಂದು. ಆದರೆ ಡೇಟಾಬೇಸ್ ಈಗ ನಮ್ಮ ಲ್ಯಾಪ್‌ಟಾಪಿನೊಳಗೇ ಇದೆ. ಅದಕ್ಕೆ ಯಾವ ಮಾತು ಯಾವಾಗ ತಲುಪಬೇಕು ಎಂಬುದು ನಮ್ಮ ಕೈಯಲ್ಲಿದೆ. ಸಂದಿಯನ್ನು ಹುಡುಕುವುದೇಕೆ, ನಾವೇ ಅಗಲ ಮಾಡಿದರಾಯಿತು.

ಅದಕ್ಕೆ ನಾನು ಅಷ್ಟು ಮೆಚ್ಚಿಕೊಂಡಿದ್ದ ಒಂದೇ ಕನೆಕ್ಷನ್ನಿನ ಏರ್ಪಾಡನ್ನು ಈ ಟೆಸ್ಟಿಗೆ ಬಿಡಬೇಕಿತ್ತು. ಒಂದೇ ಕನೆಕ್ಷನ್ ಎಂದರೆ ಒಂದೇ ಬಾಗಿಲು. ಅದರಲ್ಲಿ ಇಬ್ಬರು ಗಿರಾಕಿಗಳು ಎಂದಿಗೂ ಒಟ್ಟಿಗೆ ಬರಲಾರರು. ಆ ಟೆಸ್ಟು ಎಂದಿಗೂ ಕೆಂಪಾಗುವಂತಿರಲಿಲ್ಲ ಎಂಬುದು ಆಗ ಹೊಳೆಯಿತು. ಮೆಮೊರಿಯ ಡೇಟಾಬೇಸಿಗೆ ಒಂದು ಹೆಸರು ಕೊಟ್ಟರೆ, ಅದೇ ಪ್ರೋಗ್ರಾಮಿನೊಳಗೆ ಆ ಹೆಸರು ಹಿಡಿದು ಎಷ್ಟು ಕನೆಕ್ಷನ್ ಬೇಕಾದರೂ ತೆರೆಯಬಹುದು. ಎಲ್ಲವೂ ಒಂದೇ ಗೋದಾಮಿನೊಳಕ್ಕೆ ಹೋಗುತ್ತವೆ. ಡೇಟಾಬೇಸ್ ಮಾಯವಾಗದಂತೆ ಒಂದನ್ನು ಸುಮ್ಮನೆ ತೆರೆದಿಟ್ಟೆವು. ಇನ್ನೆರಡಕ್ಕೆ ಗದ್ವಾಲ್, ಮಕ್ತಲ್ ಎಂದು ಹೆಸರಿಟ್ಟೆವು.

“ಆದ್ರ ಟೆಸ್ಟಿನ ಸಲುವಾಗಿ ಲೈಬ್ರರಿ ಒಳಗ ತಡೆ ಹಾಕೋದು ಬ್ಯಾಡ” ಎಂದ ಅವನು. “ಅಸಲಿ ಕೋಡು ಅಸಲಿ ಹಂಗೇ ಇರಬೇಕು.”

“ಹಾಕಂಗಿಲ್ಲ. ಕನೆಕ್ಷನ್ ನಾವೇ ಕೊಡ್ತೀವಲ್ಲ, ತಡೆ ಅದಕ್ಕ ಹಾಕೋಣ.”

ಕನೆಕ್ಷನ್ನನ್ನು ಹೊರಗಿನಿಂದ ಇಸಿದುಕೊಳ್ಳುವಂತೆ ಮೊದಲು ಸೋತು ಮಾಡಿದ ಆ ತಿದ್ದುಪಡಿ ಈಗ ಕೈಹಿಡಿಯಿತು. ಗದ್ವಾಲ್ ಕನೆಕ್ಷನ್ನಿಗೆ ತೆಳುವಾದ ಒಂದು ಹೊದಿಕೆ ಬರೆದೆವು. ಸೀರೆ ಖಾಲಿ ಇದೆಯೇ ಎಂಬ ಪ್ರಶ್ನೆಯನ್ನು ಅದು ಸುಮ್ಮನೆ ಹೋಗಲು ಬಿಡುತ್ತದೆ. ಬುಕಿಂಗ್ ಬರೆಯುವ ಸಾಲು ಬಂದೊಡನೆ ಅದನ್ನು ಬಾಗಿಲಲ್ಲೇ ನಿಲ್ಲಿಸಿ, ಮಕ್ತಲ್‌ನ ಬುಕಿಂಗನ್ನು ಮೊದಲಿನಿಂದ ಕೊನೆಯವರೆಗೆ ಮಾಡಿಸುತ್ತದೆ. ಆಮೇಲೆ ಗದ್ವಾಲ್‌ನ ಸಾಲನ್ನು ಒಳಕ್ಕೆ ಬಿಡುತ್ತದೆ. ಎಣಿಸುವುದಿಲ್ಲ, ಒಟ್ಟಿಗೆ ಒತ್ತುವುದಿಲ್ಲ, ನಸೀಬಿನ ಮಾತೇ ಇಲ್ಲ.

ಓಡಿಸಿದೆವು. ಕೆಂಪು! ‘ಒಂದು ಸೀರೆಗೆ ಒಂದೇ ಬುಕಿಂಗ್ ಇರಬೇಕು, ಎರಡಿವೆ.’

ಅವನು ಕುರ್ಚಿಯಿಂದ ಎದ್ದೇ ನಿಂತ. “ಸಿಕ್ತು! ಅಕ್ಕಾ, ಸಿಕ್ತು! ಇನ್ನೊಮ್ಮೆ ಓಡಿಸು!” ಓಡಿಸಿದೆ. ಕೆಂಪು. ಮತ್ತೆ ಓಡಿಸಿದರೂ ಕೆಂಪು. ಕೆಂಪು ಬಣ್ಣ ನೋಡಿ ಇಷ್ಟು ಕುಣಿದವರನ್ನು ಅವನ ತಾಯಿ ಹಿಂದೆಂದೂ ನೋಡಿರಲಿಕ್ಕಿಲ್ಲ.

ತಪ್ಪು ಕೈಗೆ ಸಿಕ್ಕ ಮೇಲೆ ತಿದ್ದುವುದು ಸಣ್ಣ ಕೆಲಸವಾಗಿತ್ತು. ಮೊದಲು ಕೇಳಿ ಆಮೇಲೆ ಬರೆಯುವ ಎರಡು ಹೆಜ್ಜೆಗಳನ್ನು ತೆಗೆದು, ‘ಖಾಲಿ ಇದ್ದರೆ ಮಾತ್ರ ಈ ಹೆಸರಿಗೆ ಬರೆ’ ಎಂಬ ಒಂದೇ ಆಜ್ಞೆ ಮಾಡಿದೆವು. ಬರೆದದ್ದು ನಿಜವೇ ಎಂದು ಲೈಬ್ರರಿ ಡೇಟಾಬೇಸನ್ನೇ ಕೇಳಿ, ಬರೆಯದೆ ಇದ್ದರೆ ಸೀರೆ ಯಾವ ಊರಿಗೆ ಹೋಯಿತು ಎಂದು ಕೌಂಟರಿಗೆ ಹೇಳಬೇಕು. ಇದರ ಮೇಲೂ ಇರಲಿ ಎಂದು, ಒಂದು ಸೀರೆಗೆ ಚಾಲೂ ಇರುವ ಎರಡನೆಯ ಬುಕಿಂಗನ್ನು ಡೇಟಾಬೇಸೇ ಸೇರಿಸಿಕೊಳ್ಳದಂತೆ ಕಟ್ಟು ಹಾಕಿದೆವು. ಓಡಿಸಿದೆವು. ಹಸಿರು. ತಿದ್ದಿದ್ದನ್ನು ತೆಗೆದೆವು, ಕೆಂಪು. ಮತ್ತೆ ಹಾಕಿದೆವು, ಹಸಿರು.

ಕೊನೆಗೆ ಅವನ ಹಳೆಯ ಪ್ರಶ್ನೆ ಉಳಿದಿತ್ತು. ಅದನ್ನು ಈ ಸಲ ನಾನೇ ಎತ್ತಿದೆ. ಅದೇ ಟೆಸ್ಟನ್ನು, ಅದೇ ಹೊದಿಕೆಯೊಡನೆ, ಹೈದರಾಬಾದಿನ ಸರ್ವರಿನ ಮೇಲೆ ಓಡಿಸಿದೆವು. ಹಳೆಯ ಕೋಡಿಗೆ ಅಲ್ಲೂ ಕೆಂಪು, ಹೊಸದಕ್ಕೆ ಅಲ್ಲೂ ಹಸಿರು. ಇನ್ನು ಮೇಲೆ ದಿನದ ಕೆಲಸಕ್ಕೆ ಮೆಮೊರಿ, ಅಂಗಡಿಗೆ ಹಾಕುವ ಮುಂಚೆ ಒಮ್ಮೆ ಸರ್ವರ್ ಎಂದು ಗೊತ್ತು ಮಾಡಿಕೊಂಡೆವು.

“ಈಗ ಖಾತ್ರಿ ಆತು” ಎಂದ. ಮೂರೂ ಊರಿಗೆ ಅವನೇ ಹಾಕಿದ.

ಮೀಟಿಂಗಿನ ದಿನ ಅಧ್ಯಕ್ಷರ ಜೊತೆ ಗದ್ವಾಲ್‌ಗೆ ಹೋದೆ. ಅಂಗಡಿಯ ಯಜಮಾನಿ ಕುಡಿಯಲು ನೀರು ಕೊಟ್ಟರು, ಮಾತು ಮಾತ್ರ ಅಳೆದು ಆಡಿದರು. ಎರಡು ಫೋನ್ ಎದುರಿಗಿಟ್ಟು ಹೇಗೆ ತೋರಿಸಬೇಕು ಎಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿರುವಾಗ ನಿಜವಾದ ಗಿರಾಕಿಗಳೇ ಬಂದರು. ಅಕ್ಕತಂಗಿಯರು. ಪರದೆಯ ಮೇಲೆ ಬಹಳ ಹೊತ್ತು ನೋಡಿ, ಸಾಸಿವೆ ಬಣ್ಣದ ಮೈಯ, ಕೆಂಪು ಅಂಚಿನ ಒಂದು ಚೌಕಡಿ ಸೀರೆಗೆ ಮನಸೋತರು. “ಇದೇ ಬೇಕ್ರಿ” ಎಂದರು ಅಕ್ಕ. ಯಜಮಾನಿ ಒತ್ತಿದರು.

ಪರದೆ ಹಸಿರಾಗಲಿಲ್ಲ. ‘ಈ ಸೀರೆ ಈಗಷ್ಟೇ ಮಕ್ತಲ್‌ನಲ್ಲಿ ಬುಕ್ ಆಗಿದೆ’ ಎಂದಿತು.

ಯಜಮಾನಿ ನನ್ನ ಕಡೆ ನೋಡಿ, ಫೋನ್ ಎತ್ತಿ ಮಕ್ತಲ್ ಮಳಿಗೆಗೆ ಹಚ್ಚಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಸಾಸಿವೆ ಬಣ್ಣದ ಸೀರೆ ಏನಾಯಿತು ಎಂದು ಕೇಳಿದರು.

“ಈಗಿನ್ನ ಕೊಟ್ಟೆವಲ್ರೀ ಅಕ್ಕಾರ” ಎಂದಿತು ಆ ಕಡೆಯ ದನಿ. “ಗಿರಾಕಿ ಇನ್ನೂ ಇಲ್ಲೇ ಕುಂತಾರ. ಯಾಕ್ರಿ, ನಿಮಗೂ ಅದೇ ಬೇಕಾಗಿತ್ತೇನು?”

ಯಜಮಾನಿ ಫೋನ್ ಇಟ್ಟರು. ಮುಖದ ಬಿಗಿ ಸಡಿಲವಾಯಿತು. ಅಕ್ಕತಂಗಿಯರ ಕಡೆ ತಿರುಗಿ, “ಆ ಸೀರಿ ಹೋತ್ರವ್ವಾ. ಐತಿ ಅಂತ ಹೇಳಿ ನಾಳೆ ನಿಮ್ಮನ್ನ ಖಾಲಿ ಕೈಲೆ ಕಳಸೋದಕ್ಕಿಂತ ಇವತ್ತೇ ಹೇಳೋದು ಚಲೋ. ಬರ್ರಿ, ಇನ್ನೊಂದು ತೋರಸ್ತೀನಿ” ಎಂದರು.

ಅವರಿಗೆ ಬದನೆ ಬಣ್ಣದ್ದೊಂದು ಹಿಡಿಸಿತು. ಒತ್ತಿದರು. ಹಸಿರು. ತಂಗಿಯೂ ತನಗೊಂದು ಆರಿಸಿದಳು. ಅದೂ ಹಸಿರು.

ಅವರು ಹೋದ ಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ಮತ್ತ ಮೀಟಿಂಗ್ ಶುರು ಮಾಡೋಣೇನ್ರಿ?” ಎಂದರು.

“ಎದರ ಮೀಟಿಂಗ್ ಅಣ್ಣಾ?” ಎಂದರು ಯಜಮಾನಿ. “ಇಷ್ಟು ದಿನ ನಿಮ್ಮ ಸೀರಿ ನಾ ಮಾರಿದೆ. ನಮ್ಮ ಗದ್ವಾಲ ಸೀರಿ ಇದರಾಗ ಹಾಕಾಕ ಧೈರ್ಯ ಬಂದಿರಲಿಲ್ಲ. ಈಗ ಹಾಕ್ತೀನಿ. ನಾರಾಯಣಪೇಟಿಯಾಗ ನೀವು ಮಾರ್ರಿ, ಮಕ್ತಲದಾಗ ಅವರು ಮಾರಲಿ.”

ಕಪಾಟು ತೆರೆದು, ರೇಷ್ಮೆ ಸೆರಗಿನ ಒಂದು ಸೀರೆ ತೆಗೆದು, ಫೋಟೊಗೆಂದು ಅದರ ಒಂದು ತುದಿಯನ್ನು ನನ್ನ ಕೈಗೆ, ಇನ್ನೊಂದನ್ನು ಅಧ್ಯಕ್ಷರ ಕೈಗೆ ಕೊಟ್ಟರು. “ಬಿಗಿಯಾಗಿ ಹಿಡೀರಿ, ಮಡಿಕೆ ಬೀಳಬಾರದು.” ನಾವಿಬ್ಬರೂ ಬಾಗಿಲ ಬೆಳಕಿಗೆ ಸೀರೆ ಹರಡಿ ನಿಂತೆವು. ಒಂದಾದ ಮೇಲೆ ಒಂದು, ಕಪಾಟಿನ ಅರೆ ಖಾಲಿಯಾಗುವವರೆಗೆ ಹಿಡಿದೇ ನಿಂತೆವು.